ಒಳ್ಳೆಯ ರಾಜನಿದ್ದರೆ ಸಾಕೆ?



"ರಾಜರ ಕಾಲವೇ ಚೆನ್ನಾಗಿತ್ತು" ಎಂಬ ಮಾತನ್ನು ನೀವು ಎಲ್ಲಾದರೂ ಕೇಳಿಯೇ ಇರುತ್ತೀರಿ. ಒಂದು ಸಣ್ಣ ಕೆಲಸಕ್ಕಾಗಿ ನಾಲ್ಕು ಬಾರಿ ಕಚೇರಿಗೆ ಅಲೆದು ಬಂದವರು ಈ ಮಾತನ್ನು ಹೇಳುತ್ತಾರೆ. ಚುನಾವಣೆಯ ಗದ್ದಲ, ಪಕ್ಷಾಂತರ, ಲಂಚದ ಸುದ್ದಿಗಳಿಂದ ಬೇಸತ್ತವರೂ ಹೇಳುತ್ತಾರೆ. ಹಳೆಯ ಮೈಸೂರು ಪ್ರಾಂತದವರಾದರೆ ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರನ್ನು ನೆನೆಯದೆ ಈ ಮಾತನ್ನು ಮುಗಿಸುವುದೇ ಇಲ್ಲ. ಅವರ ಮಾತಿನಲ್ಲಿ ಸತ್ಯಾಂಶವಿದೆ. ಆದ್ದರಿಂದಲೇ ಈ ಪ್ರಶ್ನೆಯನ್ನು ನಗುತ್ತ ತಳ್ಳಿಹಾಕುವಂತಿಲ್ಲ. ರಾಜಪ್ರಭುತ್ವ ಒಳ್ಳೆಯ ಸರ್ಕಾರವಾಗಬಲ್ಲದೆ? ಇಂದು ನಾವು ವಿಚಾರ ಮಾಡಬೇಕಾದದ್ದು ಇದನ್ನೇ.

ಈ ಪ್ರಶ್ನೆಗೆ ಉತ್ತರ ಹುಡುಕುವಾಗ ಬಹಳ ಮಂದಿ ಕೆಟ್ಟ ರಾಜರ ಉದಾಹರಣೆಗಳನ್ನು ಮುಂದಿಟ್ಟು, "ನೋಡಿ, ರಾಜಪ್ರಭುತ್ವ ಎಂದರೆ ಹೀಗೆ" ಎಂದು ತೀರ್ಪು ಕೊಟ್ಟುಬಿಡುತ್ತಾರೆ. ಅದು ನ್ಯಾಯವಾದ ಪರೀಕ್ಷೆಯಲ್ಲ. ಒಂದು ಪದ್ಧತಿಯನ್ನು ಪರೀಕ್ಷಿಸಬೇಕಾದರೆ ಅದರ ಅತ್ಯುತ್ತಮ ಮಾದರಿಯನ್ನೇ ಎದುರಿಗೆ ಇಟ್ಟುಕೊಳ್ಳಬೇಕು. ನಮಗೆ ಅಂತಹ ಮಾದರಿಗಾಗಿ ದೂರ ಹೋಗುವ ಅಗತ್ಯವಿಲ್ಲ. ನಮ್ಮ ಮೈಸೂರು ಸಂಸ್ಥಾನವೇ ಇದೆ.

ಮೊದಲು ಜಮೆಯ ಕಡೆ ನೋಡೋಣ. 1902ರಲ್ಲಿ ಶಿವನಸಮುದ್ರದ ಜಲವಿದ್ಯುತ್ ಕೇಂದ್ರ ಕೆಲಸ ಆರಂಭಿಸಿತು. ಅಲ್ಲಿಂದ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಉರಿಯಿತು. 1911ರಲ್ಲಿ ಕನ್ನಂಬಾಡಿಯ ಬಳಿ ಕಾವೇರಿಗೆ ಅಣೆಕಟ್ಟಿನ ಕಾಮಗಾರಿ ಆರಂಭವಾಯಿತು. ಎರಡು ದಶಕಗಳ ಕಾಲ ನಡೆದ ಆ ಕೆಲಸ ಮಂಡ್ಯದ ಒಣಭೂಮಿಯನ್ನು ಕಬ್ಬು, ಭತ್ತದ ಗದ್ದೆಗಳನ್ನಾಗಿ ಮಾಡಿತು. 1913ರಲ್ಲಿ ಮೈಸೂರು ಬ್ಯಾಂಕ್, 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿದವು. 1923ರಲ್ಲಿ ಭದ್ರಾವತಿಯಲ್ಲಿ ಕಬ್ಬಿಣ ಕರಗಿತು. ಬೆಂಗಳೂರಿನಲ್ಲಿ ನೀವು ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಗೆ ಸುಮಾರು 371 ಎಕರೆ ಜಮೀನು ಕೊಟ್ಟದ್ದೂ ಮೈಸೂರು ಸಂಸ್ಥಾನವೇ.

ಇನ್ನೊಂದು ಸಂಗತಿಯನ್ನು ಮರೆಯಬಾರದು. ಅಂದು ಸರ್ಕಾರಿ ಹುದ್ದೆಗಳಲ್ಲಿ ಒಂದೇ ಸಮುದಾಯದವರು ಹೆಚ್ಚಾಗಿದ್ದರು. ಇದನ್ನು ಪ್ರಶ್ನಿಸಲು 1917ರಲ್ಲಿ ಪ್ರಜಾಮಿತ್ರ ಮಂಡಳಿ ಹುಟ್ಟಿತು. ಅದರ ನಾಯಕರು ಮಹಾರಾಜರನ್ನು ಕಂಡು ಮನವಿ ಸಲ್ಲಿಸಿದರು. ಮಹಾರಾಜರು 1918ರಲ್ಲಿ ನ್ಯಾಯಾಧೀಶ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು. ಅದರ ವರದಿ 1919ರಲ್ಲಿ ಬಂತು. ಏಳು ವರ್ಷಗಳೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಹಿಂದುಳಿದವರಿಗೆ ಸಿಗಬೇಕೆಂಬುದು ಅದರ ಸಲಹೆಗಳಲ್ಲಿ ಒಂದು. ಅಂದಿನ ದಿವಾನರಾದ ಸರ್ ಎಂ. ವಿಶ್ವೇಶ್ವರಯ್ಯನವರು ಈ ಕ್ರಮವನ್ನು ಒಪ್ಪಲಿಲ್ಲ. ಅವರು ದಿವಾನಗಿರಿಯನ್ನು ಬಿಟ್ಟರು. ಮಹಾರಾಜರು ಸಮಿತಿಯನ್ನು ಬಿಡಲಿಲ್ಲ. ಇಂದು ದೇಶದ ಎಲ್ಲೆಡೆ ಚರ್ಚೆಯಾಗುವ ಮೀಸಲಾತಿಗೆ ಇಲ್ಲಿ ನೂರು ವರ್ಷಗಳ ಹಿಂದೆಯೇ ಅಡಿಪಾಯ ಬಿದ್ದಿತ್ತು.

ಇಷ್ಟನ್ನು ಕೇಳಿದ ಮೇಲೆ ರಾಜಪ್ರಭುತ್ವದ ಪರವಾಗಿ ವಾದಿಸುವವರು ಹೀಗೆ ಹೇಳಬಹುದು: "ರಾಜನಿಗೆ ಐದು ವರ್ಷಕ್ಕೊಮ್ಮೆ ಮತ ಕೇಳುವ ಚಿಂತೆಯಿಲ್ಲ. ಆದ್ದರಿಂದ ಅವನು ಇಪ್ಪತ್ತು ವರ್ಷದ ಅಣೆಕಟ್ಟನ್ನು ಧೈರ್ಯವಾಗಿ ಆರಂಭಿಸಬಲ್ಲ. ಬಲಿಷ್ಠರ ಮುನಿಸಿಗೆ ಹೆದರದೆ ದುರ್ಬಲರ ಮಾತನ್ನು ಕೇಳಬಲ್ಲ. ನಾಡನ್ನು ತನ್ನ ಮಕ್ಕಳಿಗೆ ಬಿಟ್ಟುಹೋಗುವ ಆಸ್ತಿಯೆಂದು ತಿಳಿದು ಜೋಪಾನ ಮಾಡಬಲ್ಲ." ಈ ವಾದ ಗಟ್ಟಿಯಾದದ್ದೇ. ಪ್ರಜೆಗಳ ಸುಖದಲ್ಲೇ ರಾಜನ ಸುಖವಿದೆ ಎಂದು ಕೌಟಿಲ್ಯನ ಅರ್ಥಶಾಸ್ತ್ರವೂ ಬೋಧಿಸಿತ್ತು. 1927ರಲ್ಲಿ ಗಾಂಧೀಜಿಯವರು ಮೈಸೂರು ಸಂಸ್ಥಾನಕ್ಕೆ ಬಂದು ಕೆಲವು ತಿಂಗಳು ತಂಗಿದ್ದರು. ನಾಲ್ವಡಿಯವರಿಗೆ "ರಾಜರ್ಷಿ" ಎಂಬ ಹೆಸರು ಅವರಿಂದ ಬಂತೆಂಬುದು ನಿಮಗೂ ತಿಳಿದದ್ದೇ.

ಹಾಗಾದರೆ ಪ್ರಶ್ನೆ ಮುಗಿಯಿತೆ? ಇಲ್ಲ. ಈಗ ಖರ್ಚಿನ ಕಡೆಯನ್ನೂ ನೋಡೋಣ.

ಮೈಸೂರಿನ ಇತಿಹಾಸದ ಪುಟಗಳನ್ನು ಸ್ವಲ್ಪ ಹಿಂದಕ್ಕೆ ತಿರುಗಿಸಿ. 1799ರಲ್ಲಿ ಟಿಪ್ಪು ಸುಲ್ತಾನ್ ಶ್ರೀರಂಗಪಟ್ಟಣದಲ್ಲಿ ಮಡಿದ ಮೇಲೆ ಬ್ರಿಟಿಷರು ಐದು ವರ್ಷದ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಸಿಂಹಾಸನದಲ್ಲಿ ಕೂರಿಸಿದರು. ಮುಮ್ಮಡಿಯವರು ಮುಂದೆ ವಿದ್ವಾಂಸರಾದರು. ಸಾಹಿತ್ಯ ಸಂಗೀತಗಳಿಗೆ ಆಶ್ರಯ ಕೊಟ್ಟರು. ಆದರೆ ಅವರ ಕಾಲದ ಕಂದಾಯದ ಆಡಳಿತ ರೈತರ ಪಾಲಿಗೆ ಕಷ್ಟವಾಯಿತು. ಇಷ್ಟು ಹಣ ವಸೂಲು ಮಾಡಿಕೊಡುತ್ತೇನೆಂಬ ಕರಾರಿನ ಮೇಲೆ ಅಧಿಕಾರಿಗಳನ್ನು ನೇಮಿಸುವ ಶರತ್ತು ಪದ್ಧತಿ ಅಂದು ಇತ್ತು. ಕರಾರು ಮಾಡಿಕೊಂಡವನು ರೈತನನ್ನು ಹಿಂಡದೆ ಬಿಡುತ್ತಾನೆಯೆ? 1830ರಲ್ಲಿ ನಗರ ಸೀಮೆಯ ರೈತರು ಕೂಟ ಕಟ್ಟಿ ದಂಗೆ ಎದ್ದರು. ಅದನ್ನೇ ನೆಪ ಮಾಡಿಕೊಂಡು 1831ರಲ್ಲಿ ಬ್ರಿಟಿಷರು ಆಡಳಿತವನ್ನು ತಮ್ಮ ಕೈಗೆ ತೆಗೆದುಕೊಂಡರು. ಅದು ಮತ್ತೆ ಒಡೆಯರ ಮನೆತನಕ್ಕೆ ಬಂದದ್ದು 1881ರಲ್ಲಿ. ನಡುವೆ ಸರಿಯಾಗಿ ಐವತ್ತು ವರ್ಷ ಕಳೆದಿತ್ತು.

ಗಮನಿಸಿ, ಮಿತ್ರರೇ. ಅದೇ ಅರಮನೆ, ಅದೇ ಮನೆತನ, ಅದೇ ಸಿಂಹಾಸನ. ಒಂದು ಕಾಲದಲ್ಲಿ ನಗರದ ದಂಗೆ. ಇನ್ನೊಂದು ಕಾಲದಲ್ಲಿ ಕನ್ನಂಬಾಡಿ ಕಟ್ಟೆ. ಇವೆರಡರಲ್ಲಿ ಯಾವುದು ತಮ್ಮ ಪಾಲಿಗೆ ಬರಬೇಕು ಎಂಬುದನ್ನು ರೈತರು ನಿರ್ಧರಿಸುವಂತಿರಲಿಲ್ಲ. ಅದನ್ನು ನಿರ್ಧರಿಸಿದ್ದು ಹುಟ್ಟು, ಕಾಲ ಮತ್ತು ಅದೃಷ್ಟ. ವಿಜಯನಗರದಲ್ಲೂ ಹೀಗೆಯೇ ಆಯಿತು. ಕೃಷ್ಣದೇವರಾಯ 1529ರಲ್ಲಿ ತೀರಿಕೊಂಡ. ಅವನ ನಂತರ ಸಿಂಹಾಸನಕ್ಕಾಗಿ ಒಳಜಗಳಗಳು ನಡೆದವು. 1565ರಲ್ಲಿ ರಕ್ಕಸತಂಗಡಿಯ ಯುದ್ಧವಾಯಿತು, ರಾಜಧಾನಿ ಹಾಳಾಯಿತು. ವೈಭವದ ಶಿಖರಕ್ಕೂ ಹಾಳು ಹಂಪೆಗೂ ನಡುವೆ ಕೇವಲ 36 ವರ್ಷದ ಅಂತರ. ರಾಜನ ಗುಣ ರಾಜನ ಜೊತೆಯಲ್ಲೇ ಹೋಗುತ್ತದೆ; ಮಗನಿಗೆ ಬರುವುದು ಕಿರೀಟ ಮಾತ್ರ.

ಈಗ ಇನ್ನೊಂದು ಹೆಜ್ಜೆ ಮುಂದೆ ಹೋಗೋಣ. 1881ರ ನಂತರದ ಮೈಸೂರು ಅಷ್ಟು ಚೆನ್ನಾಗಿದ್ದುದಕ್ಕೆ ಕಾರಣವೇನು? ರಾಜರ ಸದ್ಗುಣ ಒಂದು ಕಾರಣ ನಿಜ. ಆದರೆ ಅದೊಂದೇ ಅಲ್ಲ. 1881ರಲ್ಲಿ ಅಧಿಕಾರ ಹಿಂದಕ್ಕೆ ಬಂದಾಗ ಷರತ್ತುಗಳ ಕಟ್ಟುಪಾಡಿನೊಂದಿಗೆ ಬಂತು. ರಾಜರ ಸ್ವಂತ ಖರ್ಚಿಗೆ ಬೇರೆ ಮೊತ್ತ, ರಾಜ್ಯದ ಬೊಕ್ಕಸಕ್ಕೆ ಬೇರೆ ಲೆಕ್ಕ ಎಂದಾಯಿತು. ದಿವಾನರ ಕೈಕೆಳಗೆ ಆಡಳಿತದ ಇಲಾಖೆಗಳು ನಿಯಮದಂತೆ ನಡೆದವು. ಅದೇ ವರ್ಷ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಪ್ರಜಾಪ್ರತಿನಿಧಿ ಸಭೆ ಸ್ಥಾಪನೆಯಾಯಿತು. ಅದರ ಮೊದಲ ಸಭೆಗೆ 144 ಸದಸ್ಯರನ್ನು ಕರೆಯಲಾಗಿತ್ತು. ದಸರೆಯ ಸಮಯದಲ್ಲಿ ಮೈಸೂರಿನಲ್ಲಿ ಸಭೆ ಸೇರುತ್ತಿತ್ತು. ದಿವಾನರು ವರ್ಷದ ಆಡಳಿತದ ವರದಿ ಓದುತ್ತಿದ್ದರು. ತಾಲ್ಲೂಕುಗಳಿಂದ ಬಂದ ಸದಸ್ಯರು ಕೆರೆ ಒಡೆದದ್ದು, ಕಂದಾಯ ಹೆಚ್ಚಾದದ್ದು, ರಸ್ತೆಯಿಲ್ಲದ್ದು ಇವನ್ನೆಲ್ಲ ಎದ್ದು ನಿಂತು ಹೇಳುತ್ತಿದ್ದರು. 1907ರಲ್ಲಿ ನ್ಯಾಯವಿಧಾಯಕ ಸಭೆಯೂ ಬಂತು.

ಹತ್ತು ವರ್ಷದ ಹುಡುಗನಾಗಿದ್ದಾಗಲೇ ತಂದೆಯನ್ನು ಕಳೆದುಕೊಂಡ ನಾಲ್ವಡಿಯವರು ತಾಯಿ ಕೆಂಪನಂಜಮ್ಮಣ್ಣಿಯವರ ರಕ್ಷಣೆಯಲ್ಲಿ, ಶಿಸ್ತಿನ ಶಿಕ್ಷಣದಲ್ಲಿ ಬೆಳೆದರು. 1902ರಲ್ಲಿ ಅಧಿಕಾರ ವಹಿಸಿಕೊಂಡಾಗ ಅವರಿಗೆ ದೊರೆತದ್ದು ಹೀಗೆ ಕಟ್ಟಿ ನಿಲ್ಲಿಸಿದ ಒಂದು ವ್ಯವಸ್ಥೆ. ಅಂದರೆ ನಾವು "ಒಳ್ಳೆಯ ರಾಜಪ್ರಭುತ್ವ" ಎಂದು ಹೊಗಳುವ ಮೈಸೂರು, ರಾಜನ ಇಚ್ಛೆಯೇ ಕಾನೂನು ಎಂಬ ರಾಜಪ್ರಭುತ್ವವಾಗಿರಲಿಲ್ಲ. ರಾಜನ ಅಧಿಕಾರಕ್ಕೆ ಎಲ್ಲಿ ಮಿತಿ ಬಿತ್ತೋ, ಎಲ್ಲಿ ಪ್ರಜೆಯ ಮಾತು ಅವನ ಕಿವಿಗೆ ಬೀಳುವ ದಾರಿ ತೆರೆಯಿತೋ, ಅಲ್ಲಿಯೇ ಅದು ಒಳ್ಳೆಯದಾಯಿತು. ಮಿಲ್ಲರ್ ಸಮಿತಿಯ ಉದಾಹರಣೆಯನ್ನೇ ಮತ್ತೊಮ್ಮೆ ನೋಡಿ. ರಾಜರು ಕೇಳಿಸಿಕೊಂಡರು ನಿಜ. ಆದರೆ ಕೇಳಿದವರು ಪ್ರಜೆಗಳು. ಸಂಘಟಿತರಾದ ಜನ ಹೋಗಿ ಕೇಳದಿದ್ದರೆ ಆ ಸಮಿತಿ ಹುಟ್ಟುತ್ತಿತ್ತೆ?

ಕನ್ನಂಬಾಡಿಗಾಗಿ ರಾಜಮನೆತನದವರು ಒಡವೆ ಅಡವಿಟ್ಟರು ಎಂಬ ಕಥೆಯನ್ನು ಮಂಡ್ಯ ಮೈಸೂರುಗಳ ಮನೆಮನೆಯಲ್ಲಿ ಹೇಳುತ್ತಾರೆ. ಆ ಕಥೆಯಲ್ಲಿ ಜನರ ಕೃತಜ್ಞತೆ ಇದೆ, ಅದು ಗೌರವಿಸತಕ್ಕದ್ದು. ಆದರೆ ವಿದ್ಯಾರ್ಥಿಗಳಾದ ನೀವು ಒಂದು ಪ್ರಶ್ನೆ ಕೇಳಿಕೊಳ್ಳಬೇಕು. ಅರಮನೆಯ ಒಡವೆ ಎಲ್ಲಿಂದ ಬಂತು? ತಲೆತಲಾಂತರದಿಂದ ಕಂದಾಯ ಕಟ್ಟಿದವರ ಬೆವರಿನಿಂದ ತಾನೆ? ತನ್ನದೇ ಹಣದಿಂದ ತನಗೆ ಕಟ್ಟೆ ಕಟ್ಟಿಸಿಕೊಡಿ ಎಂದು ಕೇಳುವಾಗ ಪ್ರಜೆ ಕೈಮುಗಿದು ನಿಲ್ಲಬೇಕೆ, ಅಥವಾ ಹಕ್ಕಿನಿಂದ ಕೇಳಬೇಕೆ? ರಾಜಪ್ರಭುತ್ವಕ್ಕೂ ಪ್ರಜಾಪ್ರಭುತ್ವಕ್ಕೂ ಇರುವ ವ್ಯತ್ಯಾಸವೆಲ್ಲ ಈ ಒಂದು ಪ್ರಶ್ನೆಯಲ್ಲಿದೆ. ಅಲ್ಲಿ ಪ್ರಜೆಗೆ ಸಿಗುವುದು ದಯೆ. ಇಲ್ಲಿ ಸಿಗಬೇಕಾದದ್ದು ಹಕ್ಕು.

ದಯೆಗೆ ಒಂದು ಎಲ್ಲೆ ಇರುತ್ತದೆ. ಆ ಎಲ್ಲೆ ಎಲ್ಲಿದೆ ಎಂಬುದು ಮೈಸೂರಿನಲ್ಲೂ ಗೊತ್ತಾಯಿತು. 1908ರಲ್ಲಿ ಪತ್ರಿಕೆಗಳನ್ನು ನಿಯಂತ್ರಿಸುವ ಕಾನೂನು ಬಂತು. ಪತ್ರಿಕೆ ನಡೆಸಲು ಸರ್ಕಾರದ ಅನುಮತಿ ಬೇಕಾಯಿತು. ಅನೇಕ ಸಂಪಾದಕರು ಪ್ರತಿಭಟಿಸಿದರು. ಕೆಲವು ಪತ್ರಿಕೆಗಳೇ ನಿಂತುಹೋದವು. ಪ್ರಜಾಪ್ರತಿನಿಧಿ ಸಭೆಯಲ್ಲಿ ಸದಸ್ಯರು ಅಹವಾಲು ಹೇಳಬಹುದಿತ್ತು, ಆಯವ್ಯಯವನ್ನು ಚರ್ಚಿಸಬಹುದಿತ್ತು. ಆದರೆ ದಿವಾನರು ಆ ಸಭೆಗೆ ಉತ್ತರದಾಯಿಗಳಾಗಿರಲಿಲ್ಲ. ಅವರು ಉತ್ತರ ಕೊಡಬೇಕಾದದ್ದು ಮಹಾರಾಜರಿಗೆ. ಸಭೆ ಸಿಟ್ಟಾದರೂ ದಿವಾನರನ್ನು ಇಳಿಸುವಂತಿರಲಿಲ್ಲ.

1938ರ ಏಪ್ರಿಲ್ ತಿಂಗಳು ಬಂತು. ಮದ್ದೂರಿನ ಬಳಿಯ ಶಿವಪುರದಲ್ಲಿ ಕಾಂಗ್ರೆಸ್ಸಿಗರು ಸಂಸ್ಥಾನದ ನಿಷೇಧವನ್ನು ಮುರಿದು ತ್ರಿವರ್ಣ ಧ್ವಜ ಹಾರಿಸಿದರು. ಅವರನ್ನು ಬಂಧಿಸಲಾಯಿತು. ಅದೇ ತಿಂಗಳ 25ರಂದು ಗೌರಿಬಿದನೂರಿನ ಬಳಿಯ ವಿದುರಾಶ್ವತ್ಥದಲ್ಲಿ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸತ್ತವರು ಹತ್ತರ ಆಸುಪಾಸು ಎಂಬುದು ಸರ್ಕಾರದ ಲೆಕ್ಕ. ಮೂವತ್ತಕ್ಕೂ ಹೆಚ್ಚು ಎಂಬುದು ಜನರ ಲೆಕ್ಕ. ಇದು ನಡೆದದ್ದು ಯಾವ ದುಷ್ಟ ರಾಜನ ಕಾಲದಲ್ಲೂ ಅಲ್ಲ. ರಾಜರ್ಷಿ ಎನಿಸಿಕೊಂಡ ನಾಲ್ವಡಿಯವರ ಕಾಲದಲ್ಲಿಯೇ. ಇದನ್ನು ಮಹಾರಾಜರ ವೈಯಕ್ತಿಕ ದೋಷವೆಂದು ತೋರಿಸುವುದು ನನ್ನ ಉದ್ದೇಶವಲ್ಲ. ರಾಜ ಎಷ್ಟೇ ಒಳ್ಳೆಯವನಿರಲಿ, ತನ್ನನ್ನು ಪ್ರಶ್ನಿಸುವ ಅಧಿಕಾರವನ್ನು ಪ್ರಜೆಗೆ ಕೊಡದ ವ್ಯವಸ್ಥೆಯಲ್ಲಿ ಒಂದು ದಿನ ಪ್ರಜೆಯ ಪ್ರಶ್ನೆಗೆ ಬಂದೂಕು ಉತ್ತರ ಕೊಡುತ್ತದೆ ಎಂಬುದನ್ನು ಮಾತ್ರ ಹೇಳುತ್ತಿದ್ದೇನೆ.

1940ರಲ್ಲಿ ನಾಲ್ವಡಿಯವರು ತೀರಿಕೊಂಡರು. ಅವರ ತಮ್ಮನ ಮಗ ಜಯಚಾಮರಾಜ ಒಡೆಯರು ಪಟ್ಟಕ್ಕೆ ಬಂದರು. ಅವರೂ ವಿದ್ಯಾವಂತರು, ಸಂಗೀತಜ್ಞರು, ಸಜ್ಜನರು. ಆದರೂ 1947ರ ಆಗಸ್ಟ್ 15ರಂದು ದೇಶ ಸ್ವತಂತ್ರವಾದಾಗ ಮೈಸೂರಿನ ಪ್ರಜೆಗಳಿಗೆ ಜವಾಬ್ದಾರಿ ಸರ್ಕಾರ ಸಿಕ್ಕಿರಲಿಲ್ಲ. ಸೆಪ್ಟೆಂಬರಿನಲ್ಲಿ "ಮೈಸೂರು ಚಲೋ" ಚಳವಳಿ ಆರಂಭವಾಯಿತು. ಶಾಲಾ ಕಾಲೇಜುಗಳು ಬರಿದಾದವು, ಸೆರೆಮನೆಗಳು ತುಂಬಿದವು. ಮೈಸೂರು ನಗರದಲ್ಲಿ ರಾಮಸ್ವಾಮಿ ವೃತ್ತವನ್ನು ನೀವು ನೋಡಿರಬಹುದು. ಆ ಚಳವಳಿಯಲ್ಲಿ ಗುಂಡಿಗೆ ಬಲಿಯಾದ, ನಿಮ್ಮಂತೆಯೇ ವಿದ್ಯಾರ್ಥಿಯಾಗಿದ್ದ ಹುಡುಗನ ಹೆಸರು ಅದು. ಅಕ್ಟೋಬರಿನಲ್ಲಿ ಮಹಾರಾಜರು ಒಪ್ಪಿದರು, ಕೆ.ಸಿ. ರೆಡ್ಡಿಯವರ ನೇತೃತ್ವದಲ್ಲಿ ಜನಪ್ರತಿನಿಧಿಗಳ ಸರ್ಕಾರ ಬಂತು. ವಿದ್ಯುತ್, ಅಣೆಕಟ್ಟು, ವಿಶ್ವವಿದ್ಯಾನಿಲಯ ಎಲ್ಲವನ್ನೂ ಪಡೆದಿದ್ದ ಜನ ಮತ್ತೆ ಬೀದಿಗಿಳಿದದ್ದು ಏಕೆ? ಅವರು ಕೃತಘ್ನರಾಗಿರಲಿಲ್ಲ. ಅವರಿಗೆ ಚೆನ್ನಾಗಿ ಆಳಿಸಿಕೊಳ್ಳುವುದಷ್ಟೇ ಸಾಕಾಗಿರಲಿಲ್ಲ. ತಮ್ಮನ್ನು ತಾವೇ ಆಳಿಕೊಳ್ಳಬೇಕಿತ್ತು.

ಇದೇ ವೇಳೆಯಲ್ಲಿ ಕನ್ನಡನಾಡಿನ ಇನ್ನೊಂದು ಮೂಲೆ ನೋಡಿ. ಬೀದರ್, ಕಲಬುರ್ಗಿ, ರಾಯಚೂರು ಜಿಲ್ಲೆಗಳು ಹೈದರಾಬಾದಿನ ನಿಜಾಮರ ಆಳ್ವಿಕೆಯಲ್ಲಿದ್ದವು. ಮೈಸೂರಿನ ಹುಡುಗ ಕನ್ನಡ ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ಅಲ್ಲಿ ಆಡಳಿತದ ಭಾಷೆ, ವಿಶ್ವವಿದ್ಯಾನಿಲಯದ ಭಾಷೆ ಉರ್ದು. 1947 ಮತ್ತು 48ರಲ್ಲಿ ರಜಾಕಾರರ ಹಾವಳಿಗೆ ಹಳ್ಳಿಗಳು ನಡುಗಿದವು. 1948ರ ಸೆಪ್ಟೆಂಬರ್ 17ರಂದು ಹೈದರಾಬಾದ್ ಭಾರತಕ್ಕೆ ಶರಣಾಗುವವರೆಗೆ ಅವರಿಗೆ ಬಿಡುಗಡೆಯಿರಲಿಲ್ಲ. ಬೀದರಿನ ರೈತ ಮಾಡಿದ ತಪ್ಪೇನು? ಮಂಡ್ಯದ ರೈತ ಮಾಡಿದ ಪುಣ್ಯವೇನು? ಇಬ್ಬರೂ ಕನ್ನಡಿಗರೇ. ಒಬ್ಬನಿಗೆ ಒಂದು ಸಿಂಹಾಸನ, ಇನ್ನೊಬ್ಬನಿಗೆ ಇನ್ನೊಂದು ಸಿಂಹಾಸನ ಸಿಕ್ಕಿತು, ಅಷ್ಟೆ.

ಹಾಗಾದರೆ ರಾಜರಿರುವ ದೇಶಗಳೆಲ್ಲ ಕೆಟ್ಟವೆ? ಹಾಗೂ ಹೇಳುವಂತಿಲ್ಲ. ಬ್ರಿಟನ್, ನಾರ್ವೆ, ಸ್ವೀಡನ್, ಜಪಾನ್ ದೇಶಗಳಲ್ಲಿ ಇಂದಿಗೂ ಸಿಂಹಾಸನವಿದೆ. ಅವು ಚೆನ್ನಾಗಿಯೇ ನಡೆಯುತ್ತಿವೆ. ಆದರೆ ಅಲ್ಲಿ ಸಿಂಹಾಸನ ಆಳುವುದಿಲ್ಲ, ಆಳುವುದು ಸಂಸತ್ತು. ಸಂಸತ್ತು ಒಪ್ಪಿದ ಮಸೂದೆಗೆ ಬ್ರಿಟನ್ನಿನ ದೊರೆ ಕೊನೆಯ ಬಾರಿ ಒಪ್ಪಿಗೆ ನಿರಾಕರಿಸಿದ್ದು 1708ರಲ್ಲಿ. ರಾಜ ಅಲ್ಲಿ ಗುಡಿಯ ಕಳಸದಂತೆ. ಮೇಲೆ ಹೊಳೆಯುತ್ತದೆ, ಭಾರ ಹೊರುವುದು ಗೋಡೆ.

ನಮ್ಮ ನೆರೆಯ ಭೂತಾನದ ಕಥೆ ಇನ್ನೂ ಸ್ವಾರಸ್ಯವಾದದ್ದು. ಅಲ್ಲಿಯ ನಾಲ್ಕನೆಯ ದೊರೆ ಜಿಗ್ಮೆ ಸಿಂಗ್ಯೆ ವಾಂಗ್‌ಚುಕ್ ಜನಪ್ರಿಯರು. ಜನರು ಕೇಳುವ ಮೊದಲೇ ಅವರು ಅಧಿಕಾರವನ್ನು ಬಿಟ್ಟುಕೊಡಲು ಮುಂದಾದರು. 2006ರಲ್ಲಿ ಪಟ್ಟ ತ್ಯಜಿಸಿದರು. 2008ರಲ್ಲಿ ಸಾರ್ವತ್ರಿಕ ಚುನಾವಣೆ ನಡೆದು ಸಂವಿಧಾನ ಜಾರಿಗೆ ಬಂತು. ದೊರೆ 65ನೆಯ ವಯಸ್ಸಿನಲ್ಲಿ ನಿವೃತ್ತನಾಗಬೇಕು ಎಂದು ಆ ಸಂವಿಧಾನ ಹೇಳುತ್ತದೆ. ಅವರ ಕಾಲದಲ್ಲಿಯೇ, 1990ರ ದಶಕದಲ್ಲಿ, ನೇಪಾಳಿ ಮೂಲದ ಸುಮಾರು ಒಂದು ಲಕ್ಷ ಜನ ಆ ದೇಶ ಬಿಟ್ಟು ನೇಪಾಳದ ಶಿಬಿರಗಳಲ್ಲಿ ಬದುಕಬೇಕಾಯಿತು ಎಂಬುದನ್ನೂ ನೆನಪಿಡಬೇಕು. ಒಳ್ಳೆಯ ದೊರೆಯ ಕಣ್ಣಿಗೂ ಕಾಣದ ಪ್ರಜೆಗಳಿರುತ್ತಾರೆ. ನೇಪಾಳದಲ್ಲಿ ಆದದ್ದು ಬೇರೆ. 2005ರಲ್ಲಿ ದೊರೆ ಜ್ಞಾನೇಂದ್ರ ಎಲ್ಲ ಅಧಿಕಾರವನ್ನು ತಾನೇ ತೆಗೆದುಕೊಂಡ. 2006ರಲ್ಲಿ ಜನ ಬೀದಿಗಿಳಿದರು. 2008ರಲ್ಲಿ ರಾಜಪ್ರಭುತ್ವವೇ ಕೊನೆಗೊಂಡಿತು.

ನಮ್ಮ ಸಮೀಪದಲ್ಲೇ ಔಂಧ್ ಎಂಬ ಪುಟ್ಟ ಸಂಸ್ಥಾನವಿತ್ತು. ಈಗಿನ ಮಹಾರಾಷ್ಟ್ರದ ಸಂಸ್ಥಾನ ಅದು. ಆದರೆ ನಮ್ಮ ವಿಜಾಪುರ ಜಿಲ್ಲೆಯ ಗುಣದಾಳವೂ ಅದಕ್ಕೆ ಸೇರಿತ್ತು. ಅದರ ರಾಜ ಭವಾನರಾವ್ ಪಂತ ಪ್ರತಿನಿಧಿ ಗಾಂಧೀಜಿಯವರ ಸಲಹೆ ಪಡೆದು 1939ರಲ್ಲಿ ಹಳ್ಳಿಯ ಪಂಚಾಯತಿಗಳ ಮೇಲೆ ನಿಂತ ಸ್ವರಾಜ್ಯದ ಸಂವಿಧಾನವನ್ನು ತನ್ನ ಪ್ರಜೆಗಳಿಗೆ ಕೊಟ್ಟ. ಇದರಿಂದ ನಾವು ಕಲಿಯುವುದೇನು? ರಾಜನೊಬ್ಬ ಮಾಡಬಹುದಾದ ಅತ್ಯುತ್ತಮ ಕೆಲಸವೆಂದರೆ ತನ್ನ ಅಧಿಕಾರವನ್ನು ಪ್ರಜೆಗಳ ಕೈಗೆ ಒಪ್ಪಿಸುವುದು.

ಕೊನೆಯದಾಗಿ, ನಿಮ್ಮಲ್ಲಿ ಕೆಲವರು ಕೇಳಬಹುದು: "ಪ್ರಜಾಪ್ರಭುತ್ವದಲ್ಲಿ ತಪ್ಪುಗಳೇ ಆಗುವುದಿಲ್ಲವೆ?" ಆಗುತ್ತವೆ. 1975ರಲ್ಲಿ ನಮ್ಮಲ್ಲಿ ತುರ್ತು ಪರಿಸ್ಥಿತಿ ಬಂತು. ಪತ್ರಿಕೆಗಳ ಬಾಯಿ ಕಟ್ಟಲಾಯಿತು. ನಾಯಕರು ಜೈಲು ಸೇರಿದರು. ಆದರೆ 1977ರ ಮಾರ್ಚಿನಲ್ಲಿ ಚುನಾವಣೆ ನಡೆಯಿತು. ಹಳ್ಳಿಯ ಕೂಲಿಯವನೂ ಮತಪತ್ರದ ಮೇಲೆ ಮುದ್ರೆ ಒತ್ತಿದ. ಕೇಂದ್ರದ ಸರ್ಕಾರ ಬದಲಾಯಿತು. 1830ರಲ್ಲಿ ನಗರದ ರೈತನಿಗೆ ಇಲ್ಲದಿದ್ದ ಆಯುಧ ಅದು. ಕಾರ್ಲ್ ಪಾಪರ್ ಎಂಬ ತತ್ವಜ್ಞಾನಿ ಹೇಳಿದ್ದೂ ಇದನ್ನೇ: ಯಾರು ಆಳಬೇಕು ಎಂಬುದಕ್ಕಿಂತ, ಕೆಟ್ಟದಾಗಿ ಆಳುವವರನ್ನು ರಕ್ತ ಹರಿಸದೆ ಇಳಿಸುವುದು ಹೇಗೆ ಎಂಬುದೇ ಮುಖ್ಯವಾದ ಪ್ರಶ್ನೆ. ರಾಜಪ್ರಭುತ್ವದ ಬಳಿ ಈ ಪ್ರಶ್ನೆಗೆ ಉತ್ತರವಿಲ್ಲ.

ಆದರೆ ಒಂದು ಎಚ್ಚರಿಕೆ. ಸಿಂಹಾಸನವನ್ನು ತೆಗೆದ ಮಾತ್ರಕ್ಕೆ ಮನಸ್ಸಿನೊಳಗಿನ ಸಿಂಹಾಸನ ಹೋಗುವುದಿಲ್ಲ. ನಾವು ಆರಿಸಿದ ಪ್ರತಿನಿಧಿಯ ಮುಂದೆ ಪ್ರಜೆಯಂತೆ ನಿಲ್ಲದೆ ಭಕ್ತನಂತೆ ನಿಂತರೆ, ತಂದೆಯ ನಂತರ ಮಗನಿಗೇ ಮತ ಹಾಕುವುದು ಸಂಪ್ರದಾಯವೆಂದು ತಿಳಿದರೆ, ಹೆಸರು ಮಾತ್ರ ಬದಲಾಗಿ ರಾಜಪ್ರಭುತ್ವವೇ ಮರಳಿ ಬಂದಂತೆ. ರಾಜಕೀಯದಲ್ಲಿ ವ್ಯಕ್ತಿಪೂಜೆ ಸರ್ವಾಧಿಕಾರಕ್ಕೆ ದಾರಿಯೆಂದು ಡಾ. ಅಂಬೇಡ್ಕರ್ ಅವರು 1949ರ ನವೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಎಚ್ಚರಿಸಿದ್ದರು.

ಮಿತ್ರರೇ, ನಾಲ್ವಡಿಯವರನ್ನು ಕೃತಜ್ಞತೆಯಿಂದ ನೆನೆಯೋಣ, ಅದರಲ್ಲಿ ತಪ್ಪಿಲ್ಲ. ಅವರ ಕಾಲದ ದಕ್ಷತೆ, ಪ್ರಾಮಾಣಿಕತೆ, ದೂರದೃಷ್ಟಿಗಳನ್ನು ಇಂದಿನ ಸರ್ಕಾರಗಳಿಂದಲೂ ಕೇಳೋಣ. ಕೇಳುವ ಹಕ್ಕು ನಮಗಿದೆ. ಹದಿನೆಂಟು ತುಂಬಿದ ದಿನ ನಿಮ್ಮ ಹೆಸರನ್ನು ಮತದಾರರ ಪಟ್ಟಿಗೆ ಸೇರಿಸಿಕೊಳ್ಳಿ. ಇನ್ನು ಮುಂದೆ ಯಾರಾದರೂ ಹಿರಿಯರು "ರಾಜರ ಕಾಲವೇ ಚೆನ್ನಾಗಿತ್ತು" ಎಂದರೆ ಅವರೊಡನೆ ಜಗಳವಾಡಬೇಡಿ. ವಿನಯದಿಂದ ಒಂದೇ ಪ್ರಶ್ನೆ ಕೇಳಿ: "ಆ ರಾಜರು ಒಳ್ಳೆಯವರಲ್ಲದಿದ್ದರೆ ನೀವು ಏನು ಮಾಡಬಹುದಿತ್ತು?"